ಮಗುಚಿದ ಬಿಲ್ಲೆ

ಒಳಮೂಲೆ ಬಂದ ಕೂಡಲೇ ಕತ್ತರಿ ಎಂದಿನಂತೆ ಹಟ ಹಿಡಿಯಿತು. ಹೊರಮೂಲೆಗಳನ್ನು ಕಣ್ಣು ಮುಚ್ಚಿ ಕತ್ತರಿಸಬಹುದು, ಒಳಕ್ಕೆ ತಿರುಗುವ ಮೂಲೆ ಮಾತ್ರ ಮೊಂಡು ಮಗುವಿನ ಹಾಗೆ. ಬಲವಂತ ಮಾಡಿದರೆ ಹರಿದುಕೊಳ್ಳುತ್ತದೆ. ಅವಳು ಕತ್ತರಿ ಹಿಡಿದ ಕೈಯನ್ನು ನಿಲ್ಲಿಸಿ, ರಟ್ಟನ್ನೇ ಮೆಲ್ಲಗೆ ತಿರುಗಿಸಿ, ತುದಿಯಿಂದ ಸ್ವಲ್ಪ ಸ್ವಲ್ಪವೇ ಕಚ್ಚಿಸಿದಳು. ಹೆಬ್ಬೆರಳಿನ ಬುಡದಲ್ಲಿ ಜಡ್ಡುಗಟ್ಟಿದ ಜಾಗ ಚುರುಗುಟ್ಟುತ್ತಿತ್ತು. ಬಿಲ್ಲೆ ಬಿಡಿಸಿಕೊಂಡು ಮಡಿಲಿಗೆ ಬಿತ್ತು. ಅದನ್ನೆತ್ತಿ, ಅಚ್ಚಾದ ಮೈ ಕೆಳಗೆ, ಕಂದು ಮೈ ಮೇಲೆ ಮಾಡಿ ರಾಶಿಗೆ ಸೇರಿಸಿದಳು.

ರಟ್ಟು ಬರುತ್ತಿದ್ದುದು ಅವಳು ಬೆಳಗಿನ ಹೊತ್ತು ಕೆಲಸ ಮಾಡುತ್ತಿದ್ದ ಹಲ್ಲಿನ ಆಸ್ಪತ್ರೆಯಿಂದ. ಅಲ್ಲಿ ಅವಳದು ಬಂದವರನ್ನು ಕೂರಿಸಿ, ಸರದಿಯಲ್ಲಿ ಒಳಗೆ ಕಳಿಸುವ ಕೆಲಸ. ಕೈಗವಸು, ಹತ್ತಿ, ಬಾಯಿ ಮುಕ್ಕಳಿಸುವ ಔಷಧಿ ತುಂಬಿ ಬರುವ ಪೆಟ್ಟಿಗೆಗಳೆಲ್ಲ ಖಾಲಿಯಾದ ಮೇಲೆ ಅವಳ ಪಾಲು. ಪ್ರತಿ ಪೆಟ್ಟಿಗೆಯ ಮೇಲೂ ಅದೇ ಒಬ್ಬ ಹೆಂಗಸು, ಸಾಲುಹಲ್ಲು ತೋರಿಸಿ ನಗುತ್ತಿರುತ್ತಾಳೆ. ಗಂಡ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದರು: "ಕಂದು ಮೈ ಮೇಲಿರ್ಬೇಕು. ನೆಲ ಯಾಕೆ ಹಲ್ಲು ಕಿರೀಬೇಕು?"

ಹಾಗಾಗಿ ಆ ನಗು ಇಷ್ಟು ವರ್ಷವೂ ಅವರ ಮನೆಯ ನೆಲಕ್ಕೆ ಮುಖ ಒತ್ತಿಕೊಂಡೇ ಇತ್ತು.

ಗಂಡ ಗಣಿತದ ಮೇಷ್ಟ್ರು. ನಿವೃತ್ತರಾದರೂ ಬೀದಿಯಲ್ಲಿ ಅವರು ಇನ್ನೂ ಮೇಷ್ಟ್ರೇ. ಮಕ್ಕಳು ಇಟ್ಟ ಅಡ್ಡಹೆಸರು ಲಂಬಕೋನ. ಬೆನ್ನು ಅಷ್ಟು ನೆಟ್ಟಗೆ, ಮಾತೂ ಅಷ್ಟೇ. ಹೋದ ವರ್ಷ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿ ಬಂದ ಮೇಲೆ ಬೆನ್ನು ಸ್ವಲ್ಪ ಬಾಗಿತ್ತು. ಮಾತು ಬಾಗಿರಲಿಲ್ಲ.

ಅವರಿಗೆ ಹಿಡಿದಿದ್ದ ಹುಚ್ಚು ಯಾವುದೆಂದು ತಿಳಿಯಲು ಬಚ್ಚಲುಮನೆಯ ನೆಲ ನೋಡಿದರೆ ಸಾಕು. ಚೌಕದ ಬಿಲ್ಲೆಗಳು, ಪಕ್ಕಪಕ್ಕ. ಒಂದು ಸಾಲು ನೋಡಿದರೆ ಇಡೀ ನೆಲ ನೋಡಿದ ಹಾಗೆ, ಹಾಸು ಅದನ್ನದನ್ನೇ ಹೇಳುತ್ತದೆ. ಮೇಷ್ಟ್ರ ಪ್ರಶ್ನೆ ಇದು: ಒಂದು ಕೂದಲೂ ತೂರದಂತೆ ನೆಲ ತುಂಬಬೇಕು, ಎಷ್ಟು ದೂರ ಹಾಸಿದರೂ ತುಂಬುತ್ತಲೇ ಹೋಗಬೇಕು, ಆದರೆ ಹಾಸು ಮಾತ್ರ ಆಡಿದ್ದನ್ನೇ ಆಡಬಾರದು, ಆಡಿಸಬೇಕೆಂದರೂ ಆಡಿಸಲು ಬರಬಾರದು. ಅಂಥ ಬಿಲ್ಲೆ ಇದೆಯೇ? ಎರಡು ಬಗೆಯ ಬಿಲ್ಲೆಗಳನ್ನು ಕೂಡಿಸಿಕೊಂಡರೆ ಆಗುತ್ತದೆ ಎಂದು ದಶಕಗಳ ಹಿಂದೆಯೇ ಗೊತ್ತಾಗಿತ್ತು. ಒಂದೇ ಬಗೆಯಿಂದ ಆಗುತ್ತದೆಯೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಇದನ್ನು ಹೇಳುವಾಗ ಮೇಷ್ಟ್ರ ಕಣ್ಣು ಬೆಳಗುತ್ತಿತ್ತು. ಅವಳಿಗೂ ಆ ಪ್ರಶ್ನೆ ಹಿಡಿಸಿತ್ತು. ಇದ್ದ ಜಾಗದಲ್ಲೇ ಇದ್ದು, ಒಂದೇ ಆಕಾರದಲ್ಲಿದ್ದು, ದಿನಾ ಅದೇ ಅಲ್ಲದಿರುವುದು. ಯಾರಿಗೆ ಬೇಡ ಅಂಥ ಬಾಳು?

ಆರು ಮೂಲೆಯ ಬಿಲ್ಲೆಯನ್ನು ಗಾಳಿಪಟದಾಕಾರದ ಆರು ಚೂರುಗಳಾಗಿ ಸೀಳಿ, ಆ ಗಾಳಿಪಟಗಳನ್ನು ಬೇರೆ ಬೇರೆ ರೀತಿಯಲ್ಲಿ ಅಂಟಿಸಿ ಮೇಷ್ಟ್ರು ಹೊಸ ಆಕಾರಗಳನ್ನು ಮಾಡುತ್ತಿದ್ದರು. ಒಂದೊಂದರದೂ ರಾಶಿ ನಕಲು ಅವಳು ಕತ್ತರಿಸಬೇಕು. ಅವರು ನೆಲದ ಮೇಲೆ ಹಾಸಿ ನೋಡುತ್ತಿದ್ದರು. ಮಧ್ಯದಲ್ಲಿ ತುಂಬಲಾಗದ ಸಂದು ಬಿತ್ತೋ, ಆ ಆಕಾರಕ್ಕೆ ತಿಲಾಂಜಲಿ. ಮೇಷ್ಟ್ರು ಅವಕ್ಕೆ ಕೊಟ್ಟ ಸಂಖ್ಯೆಗಳು ಅವಳಿಗೆ ನೆನಪು ನಿಲ್ಲುತ್ತಿರಲಿಲ್ಲ. ಹಾಗಾಗಿ ಹೆಸರಿಡುತ್ತಿದ್ದಳು: ಬಾತುಕೋಳಿ, ಕುಂಟ ಕುರ್ಚಿ, ಅತ್ತೆಯ ಮೂಗು. ಹುಡುಕಿ ಹುಡುಕಿ ಸಾಕಾಗಿ ಮೇಷ್ಟ್ರು ಕೊನೆಗೆ ಮಗ್ಗುಲು ಬದಲಿಸಿದ್ದರು. ಅಂಥ ಬಿಲ್ಲೆ ಇಲ್ಲ, ಇಲ್ಲ ಎಂಬುದನ್ನೇ ಸಾಧಿಸಿ ತೋರಿಸುತ್ತೇನೆ ಎಂದು ಕೂತಿದ್ದರು. ಈಗ ಸಾಧಿಸಿಯೂ ಆಗಿತ್ತು, ಅವರ ಪ್ರಕಾರ. ಬರುವ ಭಾನುವಾರ ನಿವೃತ್ತ ಶಿಕ್ಷಕರ ಸಂಘದಲ್ಲಿ ಅವರ ಉಪನ್ಯಾಸ. 'ಇಲ್ಲದ ಬಿಲ್ಲೆ' ಎಂದು ಶೀರ್ಷಿಕೆಯನ್ನೂ ಅವರೇ ಕೊಟ್ಟಿದ್ದರು. ಸಭೆಯಲ್ಲಿ ತೋರಿಸಲೆಂದು ಅವಳೀಗ ದೊಡ್ಡ ಅಳತೆಯ ಬಿಲ್ಲೆಗಳನ್ನು ಕತ್ತರಿಸುತ್ತಿದ್ದಳು.

"ಎಷ್ಟಾಯ್ತು?" ಮುಂದಿನ ಕೋಣೆಯಿಂದ ಕೇಳಿತು.

"ಆಗ್ತಾ ಇದೆ ರೀ. ಕತ್ತರಿಗೇನು, ನನ್ನ ಹಾಗೆ ಅದಕ್ಕೂ ವಯಸ್ಸಾಗಿದೆ."

"ಹರಿದ ಅಂಚು ಬೇಡ. ಹಿಂದಿನ ಸಾಲಲ್ಲಿ ಕೂತೋರಿಗೂ ಕಾಣ್ಬೇಕು."

ಆಗಲೇ ಮೇಜಿನ ಮೇಲಿದ್ದ ಫೋನು ಗುಂಯ್‌ಗುಟ್ಟಿದ್ದು. ಮಗಳು. ಬೇರೆ ಊರಿನಲ್ಲಿ ನೆಲದ ಹಾಸುಗಳನ್ನು ಮಾರುವ ದೊಡ್ಡ ಮಳಿಗೆಯಲ್ಲಿ ಅವಳಿಗೆ ಕೆಲಸ. ಅಪ್ಪನ ಹುಚ್ಚು ನನ್ನ ಹೊಟ್ಟೆ ಹೊರೆಯಿತು ಎಂದು ನಗಾಡುತ್ತಿದ್ದವಳ ದನಿ ಇಂದು ಸಣ್ಣದಾಗಿತ್ತು.

"ಅಮ್ಮಾ, ಅಪ್ಪ ಹತ್ರದಲ್ಲಿದಾರಾ?"

"ಮುಂದಿನ ಕೋಣೇಲಿ."

"ಹಿತ್ತಿಲ ಕಡೆ ಹೋಗು. ಒಂದು ಚಿತ್ರ ಕಳಿಸಿದೀನಿ. ಮೊದಲು ನೋಡು."

ಅವಳು ಬಟ್ಟೆ ಒಣಹಾಕುವ ಕಟ್ಟೆಗೆ ಹೋಗಿ, ಕನ್ನಡಕ ಏರಿಸಿ ನೋಡಿದಳು. ಬಣ್ಣಬಣ್ಣದ ನೆಲ. ಒಂದೇ ಆಕಾರದ ಬಿಲ್ಲೆಗಳು ಒಂದಕ್ಕೊಂದು ಕಚ್ಚಿಕೊಂಡು ಎಲ್ಲಿಂದ ಎಲ್ಲಿಗೋ ಹೋಗುತ್ತಿದ್ದವು. ನಡುನಡುವೆ ಒಂದೊಂದಕ್ಕೆ ಕಡುನೀಲಿ ಬಣ್ಣ.

"ಗಿರಾಕಿ ಒಬ್ರು ಇಂಥ ನೆಲ ಬೇಕು ಅಂತ ಬಂದಿದ್ರು ಅಮ್ಮ. ಅಪ್ಪ ಇಲ್ಲ ಅಂತಾರಲ್ಲ, ಅದು ಇದೆ. ಸಿಕ್ಕಿದೆ. ಸುದ್ದಿ ಹಳೇದು, ಅಪ್ಪ ಆಸ್ಪತ್ರೇಲಿದ್ರಲ್ಲ, ಆ ಸುಮಾರಿಗೆ ಬಂದಿದ್ದಂತೆ. ಪೇಪರು ನಿಲ್ಸಿದ್ವಲ್ಲ, ನಮಗೆ ಗೊತ್ತಾಗ್ಲಿಲ್ಲ. ಕಂಡುಹಿಡಿದೋರು ಪ್ರೊಫೆಸರೂ ಅಲ್ಲ. ಯಾರೋ ರಿಟೈರಾದೋರು, ಹವ್ಯಾಸಕ್ಕೆ ಅಂತ ದಪ್ಪ ಕಾಗದ ಕತ್ತರಿಸಿ ಹಾಸಿ ನೋಡ್ತಿದ್ರಂತೆ. ಆಮೇಲೆ ಗಣಿತದೋರು ಸೇರಿ ಸಾಧಿಸಿದ್ರು. ಹದಿಮೂರು ಅಂಚು. ಅದಕ್ಕೆ ಟೋಪಿ ಅಂತ ಹೆಸರಿಟ್ಟಿದಾರೆ."

ಟೋಪಿಯಲ್ಲ, ಅಂಗಿ, ಎಂದು ಅವಳ ಮನಸ್ಸು ತಟ್ಟನೆ ತಿದ್ದಿತು. ಗುಂಡಿ ತಪ್ಪಿದ ಅಂಗಿ. ಒಂದು ಕಡೆ ಇಳಿಬಿದ್ದ, ಇನ್ನೊಂದು ಕಡೆ ಮೇಲೇರಿದ, ಅವಸರದಲ್ಲಿ ಹಾಕಿಕೊಂಡ ಅಂಗಿಯ ಹಾಗಿದ್ದ ಆ ಆಕಾರಕ್ಕೆ ಅವಳೇ ಇಟ್ಟಿದ್ದ ಹೆಸರು. ಅವಳ ಕೈಬೆರಳುಗಳು ಅದರ ಒಂದೊಂದು ಒಳಮೂಲೆಯನ್ನೂ ಬಲ್ಲವು.

"ಈ ನೀಲಿ ಬಣ್ಣದ್ದು ಯಾಕೆ ಬೇರೆ?" ಎಂದು ಕೇಳಿದಳು. ಉತ್ತರ ಏನೆಂದು ಗೊತ್ತಿದ್ದೇ ಕೇಳಿದಳು.

"ಅವು ಮಗುಚಿ ಹಾಕಿರೋವು. ಮಗುಚದೇ ಹೋದ್ರೆ ನೆಲ ತುಂಬಲ್ವಂತೆ. ಹಾಗೆ ಮಗುಚೋದು ಮೋಸ ಅಂತ ಅಪ್ಪ ಹೇಳ್ತಾರೆ, ಗೊತ್ತು. ಹಾಗೆ ಹೇಳೋರಿಗೆ ಅಂತಲೇ, ಕೆಲವೇ ತಿಂಗಳಲ್ಲಿ ಮಗುಚದೇನೂ ಕೂರೋ ಇನ್ನೊಂದನ್ನ ಹುಡುಕಿದಾರೆ. ಇದರ ತಮ್ಮ ಇದ್ದ ಹಾಗೆ ಅದು. ತಪ್ಪಿಸ್ಕೊಳ್ಳೋಕೆ ದಾರಿ ಇಲ್ಲಮ್ಮ." ಮಗಳು ಉಸಿರೆಳೆದುಕೊಂಡಳು. "ನೀನು ಹೇಳ್ಬೇಡ. ಆ ಹೃದಯ ಇಟ್ಕೊಂಡು ಅವರು ಇದನ್ನ ತಡ್ಕೊಳ್ಳಲ್ಲ. ಭಾನುವಾರದ್ದನ್ನ ಏನಾದ್ರೂ ನೆಪ ಹೇಳಿ ತಪ್ಪಿಸು. ನಿಂಗೆ ತಲೆಸುತ್ತು ಅನ್ನು."

"ನಂಗೆ ತಲೆಸುತ್ತು ಬಂದ್ರೆ ಅವರು ಸಭೆ ಬಿಡ್ತಾರಾ? ನಿಂಬೆಹಣ್ಣು ಮೂಸು ಅಂತ ಹೇಳಿ ಹೋಗ್ತಾರೆ."

ಮಗಳು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಮಾತು ಮುಗಿದ ಮೇಲೂ ಅವಳು ಕಟ್ಟೆಯಲ್ಲೇ ನಿಂತಿದ್ದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರೆ. ಮೇಷ್ಟ್ರು ಹುಡುಕಿದ್ದಷ್ಟೇ ಅಲ್ಲ, ಕೂಸನ್ನು ಎತ್ತಿ ನೋಡಿ, ಇದು ನಮ್ಮದಲ್ಲ ಎಂದು ಕೆಳಗಿಟ್ಟಿದ್ದರು.

ಅದು ನಡೆದದ್ದು ಮೇಷ್ಟ್ರು ನಿವೃತ್ತರಾಗುವ ಮೊದಲು. ಅಂಗಿಯ ಬಿಲ್ಲೆಗಳು ಮುಂದಿನ ಕೋಣೆಯ ನೆಲದ ಮೇಲೆ ಹಾಸಿದ್ದವು. ಸುಮಾರು ದೂರ ಚೆನ್ನಾಗಿ ಹೋಗಿ, ಒಂದು ಕಡೆ ಸಂದು ಬಿದ್ದು ನಿಂತಿತ್ತು. ಯಾವ ದಿಕ್ಕಿಗೆ ತಿರುಗಿಸಿದರೂ ಯಾವ ಬಿಲ್ಲೆಯೂ ಅಲ್ಲಿ ಕೂರುತ್ತಿರಲಿಲ್ಲ. ಮೇಷ್ಟ್ರು ಶಾಲೆಗೆ ಹೋಗಿದ್ದರು. ಅವಳು ಕಸ ಗುಡಿಸುವಾಗ ಮಂಚದಡಿಯಿಂದ ಒಂದು ಬಿಲ್ಲೆ ಹೊರಬಂತು, ಅಚ್ಚಾದ ಮೈ ಮೇಲಾಗಿ. ಅರ್ಧ ತುಟಿ, ಎರಡು ಹಲ್ಲು. ಪೊರಕೆ ಕಂಕುಳಲ್ಲಿ ಸಿಕ್ಕಿಸಿಕೊಂಡು, ಏನೂ ಯೋಚಿಸದೆ, ಅದನ್ನು ಹಾಗೇ ಆ ಸಂದಿನ ಮೇಲಿಟ್ಟಳು. ಪೆಟ್ಟಿಗೆಗೆ ಮುಚ್ಚಳ ಕೂತ ಹಾಗೆ ಕೂತಿತು. ಅದರ ಸುತ್ತ ಇನ್ನೊಂದು ಕೂತಿತು, ಮತ್ತೊಂದು ಕೂತಿತು. ನಿಂತುಹೋಗಿದ್ದ ನೆಲ ಅವಳ ಕೈಯಡಿಯಲ್ಲಿ ಹೊಸ್ತಿಲ ತನಕ ನಡೆಯಿತು. ಅವಳು ಪೊರಕೆಯನ್ನು ಮರೆತು ನೆಲದ ಮೇಲೆ ಕೂತಿದ್ದಳು. ಅಂದು ಒಲೆಯ ಮೇಲಿಟ್ಟಿದ್ದ ಹಾಲು ಸೀದು ಪಾತ್ರೆ ಕಪ್ಪಾಗಿತ್ತು.

ಸಂಜೆ ಮೇಷ್ಟ್ರು ಬಂದಾಗ ಜೊತೆಯಲ್ಲಿ ಅವರ ಗೆಳೆಯ, ಭೂಗೋಳದ ಮೇಷ್ಟ್ರು ಇದ್ದರು.

"ಯಾರು ಇದಕ್ಕೆ ಕೈ ಹಾಕಿದ್ದು?"

"ನಾನೇ. ಕೂತ್ಕೊಳ್ತು ನೋಡಿ."

"ಮಗುಚಿ ಇಟ್ಟಿದೀಯ."

"ಮಗುಚಿದ್ರೇನು? ಅದೇ ರಟ್ಟು ತಾನೇ?"

"ಅದೇ ರಟ್ಟು. ಅದೇ ಬಿಲ್ಲೆ ಅಲ್ಲ." ಮೇಷ್ಟ್ರು ಬಾಗಿಲ ಬಳಿ ಬಿಟ್ಟಿದ್ದ ತಮ್ಮ ಬಲಗಾಲಿನ ಚಪ್ಪಲಿ ಎತ್ತಿ, ತಲೆಕೆಳಗು ಮಾಡಿ ಅವಳ ಎಡಗಾಲಿನ ಮುಂದಿಟ್ಟರು. "ತಗೋ. ಮಗುಚಿದೀನಿ. ಹಾಕ್ಕೊಂಡು ನಡಿ ನೋಡೋಣ."

ಭೂಗೋಳದ ಮೇಷ್ಟ್ರು ಗೊಳ್ಳೆಂದು ನಕ್ಕರು. ಮೇಷ್ಟ್ರೂ ನಕ್ಕರು. ಅವಳೂ ನಕ್ಕಳು, ಆ ಹೊತ್ತಿಗೆ ಅದೇ ಸುಲಭವಿತ್ತು. ಆಮೇಲೆ ಒಂದೊಂದೇ ಬಿಲ್ಲೆ ತೆಗೆದು, ಕಂದು ಮೈ ಮೇಲೆ ಮಾಡಿ ಜೋಡಿಸಿಟ್ಟಳು. ಅಂದಿನಿಂದ ಬಿಲ್ಲೆ ಕತ್ತರಿಸುವುದಷ್ಟೇ ತನ್ನ ಕೆಲಸ, ಹಾಸುವುದಲ್ಲ ಎಂದು ಅರ್ಥ ಮಾಡಿಕೊಂಡಿದ್ದಳು. ಯಾರೂ ಹಾಗೆಂದು ಹೇಳಿರಲಿಲ್ಲ.

ಮಗಳ ಫೋನು ಬಂದ ಮರುದಿನ ಬೆಳಿಗ್ಗೆ ಹಲ್ಲಿನ ಆಸ್ಪತ್ರೆಯಲ್ಲಿ ಮೊದಲು ಬಂದವರೇ ಭೂಗೋಳದ ಮೇಷ್ಟ್ರು. ಕೆನ್ನೆ ಊದಿತ್ತು.

"ಅತ್ತಿಗೆ, ಭೂಕಂಪ ಆಗಿದೆ. ಕೇಂದ್ರಬಿಂದು ದವಡೆ."

ಅವಳು ನಗದೇ ಇದ್ದುದನ್ನು ನೋಡಿ ಅವರು ಪಕ್ಕದ ಕುರ್ಚಿಗೆ ಬಂದು ಕೂತರು. ಒಳಗಿನಿಂದ ಯಂತ್ರದ ಕೊರೆಯುವ ಸದ್ದು ಬರುತ್ತಿತ್ತು. ಅವಳು ಕಾಗದಗಳನ್ನು ಸರಿಸುತ್ತ ಕೇಳಿದಳು, "ಭಾನುವಾರ ಬರ್ತೀರಲ್ಲ?"

"ಬರದೇ ಇರ್ತೀನಾ?"

"ಬಿಲ್ಲೆ ಸಿಕ್ಕಿದೆಯಂತಲ್ಲ."

ಅವರ ಕೈ ಕೆನ್ನೆಯ ಮೇಲೆಯೇ ನಿಂತಿತು. "ನಿಮಗೂ ಗೊತ್ತಾಯ್ತಾ?"

"ನಿಮಗೆ ಯಾವಾಗ ಗೊತ್ತಾಯ್ತು?"

"ಆಗಲೇ ಅತ್ತಿಗೆ. ಅವನು ಆಸ್ಪತ್ರೇಲಿ ಮೂಗಿಗೆ ಕೊಳವೆ ಹಾಕ್ಕೊಂಡು ಮಲಗಿದ್ದ. ಆಗ ಹೇಗೆ ಹೇಳೋದು? ಆಮೇಲೆ ಎದ್ದು ಕೂತ, ಆಗ ಹೇಳೋಣ ಅಂದ್ಕೊಂಡ್ರೆ ಇಲ್ಲ ಅಂತ ಸಾಧಿಸೋಕೆ ಶುರು ಮಾಡಿದ್ದ. ಅದರಿಂದಲೇ ಚೇತರಿಸ್ಕೊಂಡ, ಸುಳ್ಳಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಕೊಂಡ ಹಾಗಾಗಿದೆ ನನ್ನ ಗತಿ."

"ಸಂಘದಲ್ಲಿ?"

"ಎಲ್ಲರಿಗೂ ಗೊತ್ತು." ಅವರು ದನಿ ತಗ್ಗಿಸಿದರು. "ನೀವು ಹೆದರ್ಬೇಡಿ. ನಾವೆಲ್ಲ ಮಾತಾಡ್ಕೊಂಡಿದೀವಿ. ಯಾರೂ ಬಾಯಿ ಬಿಡಲ್ಲ. ಒಂದು ಗಂಟೆ ಮಾತಾಡ್ಲಿ, ನಾವು ತಲೆ ಆಡಿಸ್ತೀವಿ, ಕೊನೇಲಿ ಚೆನ್ನಾಗಿ ಚಪ್ಪಾಳೆ ಹೊಡೀತೀವಿ. ಒಂದು ಶಾಲು ಕೂಡ ತರಿಸಿದೀವಿ. ಪಾಪ, ಅವನಿಗೊಂದು ಸಮಾಧಾನ."

ಅವರು ಕಪಟವಿಲ್ಲದ ಮನುಷ್ಯ; ಊದಿದ ಕೆನ್ನೆಯ ಮೇಲಿನ ಕಣ್ಣುಗಳಲ್ಲಿ ನಿಜವಾದ ಪ್ರೀತಿಯಿತ್ತು. ಆದರೆ ಆ 'ಪಾಪ' ಎಂಬ ಮಾತು ಅವಳಿಗೆ ಹಿಡಿಸಲಿಲ್ಲ. ಅವಳಿಗೆ ಸಭೆ ಕಂಡಿತು: ಸಾಲು ಸಾಲು ನರೆತ ತಲೆಗಳು, ಎಲ್ಲಕ್ಕೂ ಗೊತ್ತು, ಎಲ್ಲವೂ ಆಡುತ್ತಿವೆ. ಎದುರಿಗೆ ಲಂಬಕೋನ, ಬಾಗಿದ ಬೆನ್ನನ್ನು ನೆಟ್ಟಗೆ ಮಾಡಿಕೊಂಡು, ಅಂಬೆಗಾಲಿಡುವ ಕೂಸಿಗೆ ತಟ್ಟುವ ಚಪ್ಪಾಳೆಯನ್ನು ತನ್ನ ತರ್ಕಕ್ಕೆ ಬಿದ್ದದ್ದೆಂದು ನಂಬಿ ಕೈಮುಗಿಯುತ್ತಿದ್ದಾರೆ. ತಪ್ಪು ಉತ್ತರಕ್ಕೆ ಕನಿಕರದ ಅಂಕ ಕೊಟ್ಟವರಲ್ಲ ಅವರು, ಮಗಳಿಗೂ ಕೊಟ್ಟಿರಲಿಲ್ಲ.

"ಮಗುಚಿ ಹಾಕೋದೇ ಅದರ ಗುಟ್ಟಂತೆ ಅತ್ತಿಗೆ," ಎಂದರು ಭೂಗೋಳದ ಮೇಷ್ಟ್ರು, ಎದ್ದು ನಿಲ್ಲುತ್ತ. "ಎಷ್ಟು ಸುಲಭ ನೋಡಿ. ಅಷ್ಟು ವರ್ಷ ಅಲ್ಲೇ ಕೂತಿದ್ವಿ, ನಮಗ್ಯಾರಿಗೂ ಹೊಳೀಲಿಲ್ಲ."

ಅವಳು ಅವರ ಮುಖವನ್ನೇ ನೋಡಿದಳು. ಅಲ್ಲಿ ಏನೂ ಇರಲಿಲ್ಲ, ಚಪ್ಪಲಿಯ ನೆರಳೂ ಇರಲಿಲ್ಲ. ಅವರು ನಿಜಕ್ಕೂ ಮರೆತಿದ್ದರು.

"ಒಳಗೆ ಹೋಗಿ," ಎಂದಳು. "ಡಾಕ್ಟರಮ್ಮ ಕರೀತಿದಾರೆ."

ಮಧ್ಯಾಹ್ನ ಮನೆಗೆ ಬಂದಾಗ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಯುತ್ತಿದ್ದರು. ಮಾತನ್ನು ಒಮ್ಮೆ ಅವಳ ಮುಂದೆ ಹೇಳಿ ನೋಡಬೇಕಂತೆ. ಅವಳು ಕೈಕಾಲು ತೊಳೆದು ಗೋಡೆಗೊರಗಿ ಕೂತಳು. ಅವರು ಚೆನ್ನಾಗಿಯೇ ಮಾತಾಡಿದರು. ಬಚ್ಚಲುಮನೆಯ ನೆಲದಿಂದ ಶುರುಮಾಡಿ, ಜೇನುಗೂಡಿಗೆ ಹೋಗಿ, ಎರಡು ಬಿಲ್ಲೆಗಳ ಅಚ್ಚರಿಗೆ ಬಂದರು. ಹೊಸದರಲ್ಲಿ ಅವಳಿಗೆ ಹೇಳುತ್ತಿದ್ದಾಗಿನ ಆ ಬೆಳಕು ಕಣ್ಣಿಗೆ ಮರಳಿತ್ತು.

"ಎಲ್ಲಕ್ಕಿಂತ ದೂರ ಹೋದದ್ದು ಇದೊಂದು." ಅವರು ಹಳೆಯ ಬಿಲ್ಲೆಯೊಂದನ್ನು ಎತ್ತಿ ಹಿಡಿದರು. ಅಂಗಿ. "ಇದನ್ನ ನಂಬಿದ್ದೆ. ಕೊನೇಲಿ ಕೈಕೊಡ್ತು. ಇದೇ ಕೈಕೊಟ್ಟ ಮೇಲೆ ಇನ್ಯಾವುದೂ ಇಲ್ಲ ಅಂತ ನನಗೆ ಆವತ್ತೇ ಅನ್ನಿಸ್ತು." ಬಿಲ್ಲೆಯನ್ನು ಕೆಳಗಿಟ್ಟು, ಎದೆಯ ಮೇಲೆ ಅಂಗೈಯಿಟ್ಟು ಉಸಿರು ತಿರುಗಿಸಿಕೊಂಡರು. "ಹೇಗಿತ್ತು?"

ಹೇಳಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಆ ಅಂಗೈ ಇನ್ನೂ ಎದೆಯ ಮೇಲಿತ್ತು.

"ಚೆನ್ನಾಗಿ ಹೇಳ್ತೀರಿ," ಎಂದಳು. ಅದು ಸುಳ್ಳಲ್ಲ. "ಮಾತ್ರೆ ತಗೊಂಡ್ರಾ?"

"ಗಣಿತ ಕೇಳಿದ್ರೆ ಮಾತ್ರೆ ಅಂತೀಯಲ್ಲ," ಎಂದು ಅವರು ಗೊಣಗುತ್ತ ಒಳಗೆ ಹೋಗಿ ಮಲಗಿದರು.

ಅವರ ಉಸಿರು ಗೊರಕೆಗೆ ತಿರುಗಿದ ಮೇಲೆ ಅವಳು ಅಟ್ಟದಿಂದ ಹಳೆಯ ಬೂಟಿನ ಪೆಟ್ಟಿಗೆ ಇಳಿಸಿದಳು. ಅಂಗಿಯ ಬಿಲ್ಲೆಗಳೆಲ್ಲ ಅಲ್ಲೇ ಇದ್ದವು, ಮೂಲೆಗಳು ಸ್ವಲ್ಪ ಸವೆದು, ಧೂಳು ಹಿಡಿದು. ಮುಂಬಾಗಿಲಿನಿಂದ ಬಿಸಿಲು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ಆ ಬಿಸಿಲಿನಲ್ಲಿ ಕೂತು ಒಂದಿಟ್ಟಳು. ಅದಕ್ಕೆ ಇನ್ನೊಂದನ್ನು ಹೊಂದಿಸಿದಳು. ಸಂದು ಬಿದ್ದ ಕಡೆ ಬೆರಳು ತಾನಾಗಿಯೇ ಬಿಲ್ಲೆಯನ್ನು ಮಗುಚಿತು. ಒಂದು ಹಲ್ಲು. ಮತ್ತೆ ಕಂದು, ಕಂದು, ಕಂದು. ಆಮೇಲೆ ಒಂದು ತುಟಿಯ ಚೂರು. ಯಾವಾಗ ನಗು ಬರುತ್ತದೆಂದು ಮೊದಲೇ ಹೇಳಲು ಆಗುತ್ತಿರಲಿಲ್ಲ. ಇಷ್ಟಾದ ಮೇಲೆ ಇಷ್ಟು ಎಂಬ ಲೆಕ್ಕ ಕಟ್ಟಿಕೊಂಡು ಕಾದರೆ ನೆಲ ಅವಳನ್ನು ಏಮಾರಿಸಿ ಬೇರೆ ಕಡೆ ಹೊರಳುತ್ತಿತ್ತು. ಆದರೂ ಎಲ್ಲಿಯೂ ಬಿರುಕಿಲ್ಲ. ನೋಡುತ್ತ ನೋಡುತ್ತ ಅವಳಿಗೆ ಮೈ ಜುಮ್ಮೆಂದಿತು. ಸಂತೋಷವೇ ಅದು. ಮನೆಯಲ್ಲಿ ಇಂಥ ದುಗುಡ ಕವಿದಿರುವಾಗ ಸಂತೋಷ ಪಡುವುದು ಸರಿಯೇ ಎಂದು ತನ್ನನ್ನೇ ಕೇಳಿಕೊಂಡಳು. ಕೈ ಮಾತ್ರ ನಿಲ್ಲಲಿಲ್ಲ.

ಬಿಲ್ಲೆಗಳು ಮುಗಿದಾಗ ಬಿಸಿಲು ಹೊಸ್ತಿಲಿಗೆ ಸರಿದಿತ್ತು. ಅವಳು ಮೊಣಕಾಲು ಕಟ್ಟಿಕೊಂಡು ಕೂತಳು.

ಹೇಳದೇ ಇದ್ದರೆ ಹೃದಯ ಉಳಿಯಬಹುದು. ಹೇಳಿದರೆ ಉಳಿಯದೇ ಹೋಗಬಹುದು. ಅಷ್ಟೇ ಆಗಿದ್ದರೆ ಬಾಯಿಗೆ ಬೀಗ ಹಾಕಿಕೊಳ್ಳುವುದು ಅವಳಿಗೆ ಕಷ್ಟವಿರಲಿಲ್ಲ, ಅಭ್ಯಾಸವಿತ್ತು. ಆದರೆ ಆ ಶಾಲು ಅವಳ ಕಣ್ಣಿಗೆ ಕಟ್ಟಿತ್ತು. ಗೊತ್ತಿದ್ದವರೆಲ್ಲ ಸೇರಿ ಗೊತ್ತಿಲ್ಲದವರೊಬ್ಬರಿಗೆ ಹೊದಿಸುವ ಶಾಲು. ನಾಳೆ ಎಂದಾದರೂ ಅವರಿಗೆ ಗೊತ್ತೇ ಆಗುತ್ತದೆ, ಇಂಥದ್ದು ಎಷ್ಟು ದಿನ ಮುಚ್ಚಿಡಲಾದೀತು? ಆಗ ಆ ಚಪ್ಪಾಳೆಯ ಸದ್ದು ನೆನಪಾಗಿ ಅವರು ಅವಮಾನದಿಂದ ಭೂಮಿಗಿಳಿದು ಹೋಗುತ್ತಾರೆ. ಹೆಂಡತಿಗೂ ಗೊತ್ತಿತ್ತು ಎಂದು ತಿಳಿದರೆ ಅದಕ್ಕಿಂತ ಕೆಳಗೆ.

ಇನ್ನೊಂದು ಮಾತೂ ಅವಳೊಳಗೆ ಇತ್ತು, ಅದನ್ನು ನೋಡದೆ ಇರಲು ಬಹಳ ಪ್ರಯತ್ನಪಟ್ಟಳು. ಹೇಳುವಾಗ ಅವರ ಮುಖ ನೋಡುವ ಆಸೆ. ಬಾಗಿಲ ಬಳಿಯ ಬಲಗಾಲಿನ ಚಪ್ಪಲಿ ಎತ್ತಿ ಅವರ ಮುಂದಿಟ್ಟು, 'ಹಾಕ್ಕೊಂಡು ನಡೀರಿ ನೋಡೋಣ' ಎನ್ನುವ ಆಸೆ. ಎಷ್ಟು ವರ್ಷದಿಂದ ಅದು ಮಂಚದಡಿಯ ಬಿಲ್ಲೆಯ ಹಾಗೆ ಅಲ್ಲೇ ಬಿದ್ದಿತ್ತೋ, ಈಗ ಪೊರಕೆಗೆ ಸಿಕ್ಕಿತ್ತು. ಅವಳಿಗೆ ತನ್ನ ಬಗ್ಗೆ ನಾಚಿಕೆಯಾಯಿತು, ಆದರೆ ತೀರಾ ನಾಚಿಕೆಯೂ ಆಗಲಿಲ್ಲ.

ಒಳಗೆ ಗೊರಕೆ ನಿಂತಿತು. ಮಂಚ ಕಿರುಗುಟ್ಟಿತು.

"ಏನು ಸದ್ದು ಅಲ್ಲಿ?"

"ಏನಿಲ್ಲ. ಗುಡಿಸ್ತಾ ಇದ್ದೆ."

ಅವಳು ಬಿಲ್ಲೆಗಳನ್ನು ಬೇಗ ಬೇಗ ಕೂಡಿಸಿದಳು. ಕೂಡಿಸುತ್ತಿರುವಾಗಲೇ, ಯಾರೋ ಪಕ್ಕದಲ್ಲಿ ಕೂತು ಲೆಕ್ಕ ಬಿಡಿಸಿಕೊಟ್ಟ ಹಾಗೆ, ನಾಳೆ ಏನು ಮಾಡಬೇಕೆಂದು ತಿಳಿಯಿತು. ಆಸ್ಪತ್ರೆಗೆ ರಜೆ ಹಾಕುವುದು. ಬೆಳಗಿನ ಮಾತ್ರೆ ತೆಗೆದುಕೊಂಡು ಅವರು ಕಿಟಕಿಯ ಪಕ್ಕ ಕೂತ ಮೇಲೆ, ಫೋನಿನ ಚಿತ್ರವನ್ನು ಅವರ ಕೈಗೇ ಕೊಟ್ಟು, ಸಿಕ್ಕಿದೆಯಂತೆ ರೀ, ಎನ್ನುವುದು. ಕಾಗದ, ಕತ್ತರಿ ಇಟ್ಟುಕೊಂಡ ನಿಮ್ಮಂಥವರೊಬ್ಬರಿಗೇ ಸಿಕ್ಕಿದೆಯಂತೆ, ಎನ್ನುವುದು. ಆಮೇಲೆ ಅಲ್ಲೇ ಕೂತಿರುವುದು, ಅವರು ಬೈದರೂ, ಸುಮ್ಮನಾದರೂ, ಎದೆ ಹಿಡಿದುಕೊಂಡರೂ. ಮಗಳಿಗಾಗಲಿ ಭೂಗೋಳದ ಮೇಷ್ಟ್ರಿಗಾಗಲಿ ಇದನ್ನು ಮೊದಲೇ ತಿಳಿಸುವುದಿಲ್ಲ, ತಿಳಿಸಿದರೆ ತಡೆಯುತ್ತಾರೆ.

ಮತ್ತೆ ಆ ಇನ್ನೊಂದು, ಮಂಚದಡಿಯ ಬಿಲ್ಲೆಯ ಸಂಗತಿ, ಅದನ್ನು ಮಾತ್ರ ಎತ್ತುವುದಿಲ್ಲ. ಕನಿಕರದಿಂದಲ್ಲ. ಎತ್ತಿದರೆ ಅವರು ಅದಕ್ಕೂ ಒಂದು ಅಂಕ ಕೊಡುತ್ತಾರೆ, ಹೆಚ್ಚೋ ಕಡಿಮೆಯೋ, ಆಗ ಅದು ಅವರದಾಗಿಬಿಡುತ್ತದೆ. ಚಿತ್ರ ನೋಡುತ್ತ ಅವರಿಗೇ ನೆನಪಾದರೆ ಆಗಲಿ. ಆಗದಿದ್ದರೆ ಆ ಮಧ್ಯಾಹ್ನ, ಸೀದ ಹಾಲು, ಹೊಸ್ತಿಲ ತನಕ ನಡೆದ ನೆಲ, ಇವು ಯಾರೂ ತಿದ್ದದ ಉತ್ತರದ ಹಾಗೆ ಅವಳಲ್ಲೇ ಇರಲಿ.

ಮೇಷ್ಟ್ರು ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದರು. ಗುಡಿಸಿದ್ದೇನೋ ಹೌದೆನ್ನುವಂತೆ ಪೊರಕೆ ಗೋಡೆಗೊರಗಿತ್ತು. ಅವಳು ಮೇಜಿನ ಮುಂದೆ ಕೂತು, ನಗುವ ಹೆಂಗಸಿನ ಹೊಸ ಪೆಟ್ಟಿಗೆಯೊಂದನ್ನು ಬಿಚ್ಚಿ ಹರಡಿದ್ದಳು.

"ಇನ್ನೂ ಎಷ್ಟು ಬಾಕಿ?" ಎಂದರು.

"ನಾಳೆ ಬೆಳಿಗ್ಗೆ ಹೇಳ್ತೀನಿ," ಎಂದು ಅವಳು ಕತ್ತರಿ ಕೈಗೆತ್ತಿಕೊಂಡಳು.